ಭೇಷ್ ಅನ್ನದೆ ಇರಲಾರದ ಮೇಷ್ಟ್ರು

ನಾಲ್ಕನೇ ಕ್ಲಾಸಿನ ನಮ್ಮೆಲ್ಲರ ಬೆನ್ನ ಮೇಲೂ ಸಂಜೆ ಹೊತ್ತಿಗೆ ಐದು ಬೆರಳಿನ ಬಿಳಿ ಗುರುತು ಇರುತ್ತಿತ್ತು. ಮೇಷ್ಟ್ರ ಬಲಗೈ ಸದಾ ಸೀಮೆಸುಣ್ಣದ ಪುಡಿಯಲ್ಲಿ ಅದ್ದಿದಂತಿರುತ್ತಿತ್ತು. ಉತ್ತರ ಹೇಳಿದ ಮಗುವಿನ ಬೆನ್ನು ತಟ್ಟಿ "ಭೇಷ್" ಅನ್ನದೆ ಅವರು ಮುಂದೆ ಹೋದವರಲ್ಲ. ಸರಿ ಉತ್ತರಕ್ಕೂ ಭೇಷ್, ತಪ್ಪು ಉತ್ತರಕ್ಕೂ ಭೇಷ್. ಅಮ್ಮ ನನ್ನ ಜಾಕೀಟನ್ನು ಒಗೆಯುವ ಕಲ್ಲಿನ ಮೇಲೆ ಹರಡಿ, "ದಿನಾ ಏನ್ ಗೆದ್ಕಂಡು ಬತ್ತೀಯೇ ನೀನು?" ಎಂದು ರೇಗುತ್ತಿದ್ದಳು.

ಹೊನ್ನವಳ್ಳಿ ಪಕ್ಕದ ಸಣ್ಣ ಹಳ್ಳಿ ನಮ್ಮದು. ಐದನೇ ಕ್ಲಾಸಿಗೆ ನನ್ನನ್ನು ತಿಪಟೂರಿನ ಅತ್ತೆಯ ಮನೆಯಲ್ಲಿ ಬಿಟ್ಟರು. ಎಪ್ಪತ್ತರ ದಶಕದ ಕೊನೆ. ನಾನು ಲೆಕ್ಕದಲ್ಲಿ ಹುಲಿ ಎಂದೇ ನಂಬಿ ಹೋಗಿದ್ದೆ. ಮೊದಲ ವಾರದಲ್ಲೇ ಅಲ್ಲಿನ ಟೀಚರ್, ಆರುನೂರ ಹದಿನೆಂಟು ತೆಂಗಿನಕಾಯಿಯನ್ನು ಆರು ಜನಕ್ಕೆ ಹಂಚು ಎಂದು ಬೋರ್ಡಿಗೆ ಕರೆದರು. ನಾನು ಠೀವಿಯಿಂದ ಹದಿಮೂರು ಎಂದು ಬರೆದೆ.

"ಮಿಕ್ಕ ಕಾಯಿ ಎಲ್ಲೋದ್ವಮ್ಮ?" ಎಂದರು ಟೀಚರ್. ಇಡೀ ಕ್ಲಾಸು ನಕ್ಕಿತು. ತೆಂಗಿನ ತೋಟದವರ ಮಗಳು ನಾನು. ನಡುವೆ ಒಂದು ಸೊನ್ನೆ ಬರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಹಳೆಯ ನೋಟ್‌ಬುಕ್ ತೆರೆದು ನೋಡಿದರೆ ಅದೇ ತಪ್ಪಿನ ಹನ್ನೊಂದು ಲೆಕ್ಕ, ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ "ಬಹಳ ಚೆನ್ನಾಗಿದೆ".

ಶನಿವಾರ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಮೇಷ್ಟ್ರ ಜಗಲಿಗೆ ಹೋದೆ. ನೋಟ್‌ಬುಕ್ಕನ್ನು ಅವರ ಮುಂದಿಟ್ಟು, "ನೀವು ಸುಳ್ಳು ಬರ್ದಿದ್ದೀರ ಸಾ" ಎಂದೆ.

ಅವರು ಹನ್ನೊಂದು ಲೆಕ್ಕವನ್ನೂ ನಿಧಾನವಾಗಿ ನೋಡಿದರು. "ತಪ್ಪು ಅಂದ್ರೆ ಅತ್ಬುಡ್ತೀಯೇನೋ ಅಂತ ಹೇಳ್ಲಿಲ್ಲ ಕಣವ್ವ."

"ಅಳ್ತಿದ್ದೆ. ಅತ್ಕಂಡೇ ಕಲೀತಿದ್ದೆ."

ಮೇಷ್ಟ್ರು ನೋಟ್‌ಬುಕ್ಕಿನ ಮೇಲೆ ಕೈಯಿಟ್ಟು ಹೇಳಿದರು: "ನಮ್ಮಣ್ಣನ್ನ ಅವ್ನ ಮೇಷ್ಟ್ರು ಎಲ್ಲಾರ ಮುಂದೆ ದಡ್ಡ ಅಂದ್ರು. ಅವತ್ತೇ ಸ್ಲೇಟು ಬಿಸಾಕಿ ದನ ಕಾಯಕ್ಕೆ ಹೋದ. ನನ್ ಬಾಯಲ್ಲಿ ಆ ಮಾತು ಬರಬಾರ್ದು ಅಂತಿದ್ದೆ. ನಿನ್ನ ವಿಷಯದಲ್ಲಿ ತಪ್ಪಾಯ್ತು. ನಾಳೆ ಬೆಳಿಗ್ಗೆ ಬಾ."

ಒಂದು ವರ್ಷ ಪ್ರತಿ ಭಾನುವಾರ ಆ ಜಗಲಿಯಲ್ಲಿ ಭಾಗಾಕಾರ ಮಾಡಿದೆ. ಹೊಗಳಬಾರದೆಂದು ನಾನೇ ಷರತ್ತು ಹಾಕಿದ್ದೆ. ಪಾಪ, ಅವರಿಗೆ ಅದೊಂದು ಶಿಕ್ಷೆ. ನಾನು ಮೊದಲ ಅಂಕಿ ಬರೆಯುವ ಮೊದಲೇ ಭೇಷ್ ಅನ್ನಲು ಅವರ ತುಟಿ ಕೂಡುತ್ತಿತ್ತು, ನಾನು ಕಣ್ಣು ಬಿಟ್ಟರೆ ಕೆಮ್ಮಿ ನುಂಗುತ್ತಿದ್ದರು. ಆಮೇಲೆ ಬೆರಳಿಟ್ಟು, "ಇಲ್ಲೊಂದ್ಸಲ ನೋಡು" ಎನ್ನುವುದನ್ನು ಕಲಿತರು. ಕೊನೆಗೊಂದು ದಿನ ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾದವು. ಅವರು ಮಾತಾಡದೆ ಪುಸ್ತಕ ಮುಚ್ಚಿದರು. ನನಗೆ ಅದಕ್ಕೂ ಸಿಟ್ಟು.

"ಒಂದು ಮಾತಾದ್ರೂ ಹೇಳ್ಬಾರ್ದಾ ಸಾ?"

"ನಿಂಗೆ ಹೆಂಗಿದ್ರೂ ಕಷ್ಟ ಕಣವ್ವ" ಎಂದು ನಕ್ಕರು.

ಇಷ್ಟಾದರೂ ಶಾಲೆಯಲ್ಲಿ ಅವರ ರೂಢಿ ಬದಲಾಗಲಿಲ್ಲ. ನನ್ನ ತಮ್ಮನೂ ಒಂದು ಮಗ್ಗಿಯೂ ಸರಿಯಾಗಿ ಬಾರದೆ ಭೇಷ್ ಅನ್ನಿಸಿಕೊಂಡೇ ಪಾಸಾದ. ಅವನಿಗೂ ನಾನೇ ಭಾಗಾಕಾರ ಹೇಳಿಕೊಡಬೇಕಾಯಿತು. ಮೇಷ್ಟ್ರ ಮೇಲಿನ ಆ ಕೋಪ ನನಗೆ ವರ್ಷಗಟ್ಟಲೆ ಇಳಿಯಲಿಲ್ಲ.

ನಾನು ಶಿಕ್ಷಕಿಯರ ತರಬೇತಿ ಮುಗಿಸುತ್ತಿದ್ದ ವರ್ಷ ಅವರು ತೀರಿಕೊಂಡರು. ನೋಡಲು ಹೋದಾಗ ಅವರ ಜಗಲಿಯ ತುದಿಯಲ್ಲಿ ಒಬ್ಬಳು ಅಳುತ್ತಾ ಕೂತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಆಗ ವಿಪರೀತ ತೊದಲುತ್ತಿದ್ದಳು. ಈಗ ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಾಳೆ. ನಾನು ಮೇಷ್ಟ್ರ ಹೊಗಳಿಕೆಯ ಬಗ್ಗೆ ನನ್ನ ಹಳೇ ತಕರಾರು ತೆಗೆದೆ.

"ಒಂದು ಸಾಲು ಓದಕ್ಕೆ ನಂಗೆ ಎಷ್ಟೊತ್ತು ಹಿಡೀತಿತ್ತು, ನೀನೇ ನೋಡಿದ್ದೀಯಲ್ಲ" ಎಂದಳು. "ಅವ್ರು ಹಂಗೆ ಅನ್ದೆ ಇದ್ದಿದ್ರೆ ಮಾರನೇ ದಿನ ಸ್ಕೂಲಿಗೆ ಬತ್ತಿದ್ನಾ?"

ಅವಳಿಗೆ ಸಂದ ಹೊಗಳಿಕೆ ಬೇರೆ, ನನ್ನ ತಪ್ಪು ಲೆಕ್ಕಕ್ಕೆ ಬಿದ್ದದ್ದು ಬೇರೆ ಎಂದು ವಾದಿಸಲು ಬಾಯಿ ತೆರೆದೆ. ಅವಳು ನಿಜಕ್ಕೂ ಓದಿದ್ದಳು, ಬೆವರುತ್ತಾ, ಪ್ರತಿದಿನ.

"ನೀನು ಒಂದು ದಿನಾನೂ ಓದೋದು ತಪ್ಪಿಸ್ಲಿಲ್ಲ ಕಣೇ" ಎಂದಷ್ಟೇ ಹೇಳಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. "ಒಂದು ವರ್ಷ ಪಕ್ಕದಲ್ಲೇ ಕೂತಿದ್ಯಲ್ಲ. ಇದನ್ನ ಆಗ್ಲೇ ಹೇಳ್ಬಾರ್ದಿತ್ತಾ?"