ಬಿಚ್ಚುವ ಮೊದಲು ಒಂದಿಷ್ಟು ಬಿಗಿ

ಬೀದಿದೀಪ ಆರಿದೆ, ಸೂರ್ಯ ಇನ್ನೂ ಬಂದಿಲ್ಲ. ನಡುವೆ ಒಂದು ಹೊತ್ತಿರುತ್ತದಲ್ಲ, ರಾತ್ರಿಯದ್ದೂ ಅಲ್ಲದ ಹಗಲಿನದ್ದೂ ಅಲ್ಲದ ಹೊತ್ತು, ಆ ಹೊತ್ತಿನಲ್ಲಿ ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಬಿಡಿಸಕ್ಕ ಕೂತಿದ್ದಾರೆ. ಎದುರಿನ ಮೇಜಿನ ಮೇಲೆ ಮಗುಚಿ ಮಲಗಿಸಿದ ಒಂದು ಲ್ಯಾಪ್‌ಟಾಪ್. ಅದರ ಬೆನ್ನಿನ ಸ್ಕ್ರೂಗಳನ್ನೆಲ್ಲ ತಂದುಕೊಟ್ಟ ಅಂಗಡಿಯವರೇ ನಿನ್ನೆ ತೆಗೆದಿದ್ದಾರೆ, ಮೂಲೆಯದ್ದೊಂದನ್ನು ಬಿಟ್ಟು. ಆ ಒಂದರ ತಲೆ ಸವೆದು ನುಣ್ಣಗಾಗಿದೆ. ಪ್ಲಸ್ ಗುರುತು ಇರಬೇಕಾದ ಕಡೆ ಬರೀ ಒಂದು ದುಂಡನೆ ಗುಳಿ. ಬಿಡಿಸಕ್ಕ ಬೆಸುಗೆ ಕಡ್ಡಿಯನ್ನು ಕೆನ್ನೆಯ ಹತ್ತಿರ ತಂದು ಕಾವು ನೋಡುತ್ತಾರೆ, ಅದರ ಮೂತಿಯನ್ನು ಸ್ಕ್ರೂವಿನ ತಲೆಗೆ ತಾಗಿಸುತ್ತಾರೆ, ತೆಗೆಯುತ್ತಾರೆ. ಆಮೇಲೆ ಅರೆಗಣ್ಣು ಮುಚ್ಚಿ ಸುಮ್ಮನೆ ಕಾಯುತ್ತಾರೆ.

ಪಕ್ಕದ ಸ್ಟೂಲಿನ ಮೇಲೆ ತಲೆ ಬೆಳ್ಳಗಾದ ಹಿರಿಯರೊಬ್ಬರು ಲ್ಯಾಪ್‌ಟಾಪಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ. ಅವರು ಬಿಡಿಸಕ್ಕನ ಮಾವ, ಗಂಡನ ತಂದೆ. ಬಸ್ ಓಡಿಸುವ ಗಂಡ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಲೇ ಬಂದು ಮೂರು ಲೋಟ ಟೀ ಇಟ್ಟು, ತಮ್ಮದನ್ನು ನಿಂತೇ ಕುಡಿದು, ಕೈಸನ್ನೆಯಲ್ಲೇ 'ಬರ್ತೀನಿ' ಎಂದು ಹೊರಡುತ್ತಾರೆ. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಮನೆಯಲ್ಲಿ ಜಗಳವೇ ಎಂದು ಹೊಸಬರು ಗಾಬರಿಯಾಗಬೇಕು, ಹಾಗೆ.

ಜಗಳವೂ ಇಲ್ಲ, ಏನೂ ಇಲ್ಲ. ಈ ಮನೆಯ ಕಟ್ಟಳೆ ಅದು. ದಿನದ ಮೊದಲ ಸ್ಕ್ರೂ ಹೊರಬರುವ ತನಕ ಮಾತಿಲ್ಲ. ಅದನ್ನು ಯಾರು ತೆಗೆಯುತ್ತಾರೋ ದಿನದ ಮೊದಲ ಮಾತು ಅವರದ್ದು. "ಮಾವ ಹಾಕಿದ ಕಟ್ಟಳೆ," ಎಂದು ಆಮೇಲೆ, ಮಾತಿನ ಬೀಗ ತೆಗೆದ ಮೇಲೆ, ಬಿಡಿಸಕ್ಕ ವಿವರಿಸುತ್ತಾರೆ. "ಎದ್ದ ತಕ್ಷಣ ಕೈಗಿನ್ನೂ ನಿದ್ದೆ ಇರುತ್ತೆ ನೋಡಿ. ಅವಸರ ಅನ್ನೋದು ಗೊತ್ತಿರಲ್ಲ ಅದಕ್ಕೆ. ಬಾಯಿ ತೆಗೆದ್ರೆ ಮುಗೀತು, ಅಕ್ಕಿ ಇಲ್ಲ, ನೀರು ಬಂದಿಲ್ಲ, ಎಲ್ಲಾ ನೆನಪಾಗಿ ಕೈ ಪೂರ್ತಿ ಎಚ್ಚರ ಆಗ್ಬಿಡುತ್ತೆ. ಎಚ್ಚರ ಆದ ಕೈಗೆ ಈ ಕೆಲಸ ಒಗ್ಗಲ್ಲ."

ಯಾವ ಕೆಲಸ ಅಂತೀರಾ? ಊರಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳವರೆಲ್ಲ ಬೋರ್ಡು ಬದಲಿಸಬಲ್ಲರು, ಪರದೆ ಕೂರಿಸಬಲ್ಲರು. ಆದರೆ ಅದಕ್ಕೆ ಮೊದಲು ಮುಚ್ಚಳ ತೆಗೆಯಬೇಕಲ್ಲ! ಒಂದೇ ಒಂದು ಸ್ಕ್ರೂವಿನ ತಲೆ ಸವೆದು ಸ್ಕ್ರೂಡ್ರೈವರ್ ಜಾರತೊಡಗಿದರೆ ಅಲ್ಲಿಗೆ ಎಲ್ಲರ ಪಾಂಡಿತ್ಯವೂ ನಿಂತುಹೋಗುತ್ತದೆ. ಆಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಈ ಹಿಂದಿನ ಕೋಣೆಗೆ ಬರುತ್ತಾರೆ. ದಿನಕ್ಕೆ ನಾಲ್ಕೈದು ಬರುವುದುಂಟು, ಸೋಮವಾರ ಅದರ ದುಪ್ಪಟ್ಟು. ಭಾನುವಾರ ಜನ ಮನೆಯಲ್ಲಿ ಕೂತು ತಾವೇ ಬಿಚ್ಚಲು ನೋಡುತ್ತಾರೆ, ಅದಕ್ಕೆ. ಸಿಕ್ಕಿಕೊಂಡ ಸ್ಕ್ರೂ ಬಿಡಿಸುವುದೊಂದೇ ಇವರ ಕಸುಬು, ಹಾಗಾಗಿ ಹೆಸರೂ ಬಿಡಿಸಕ್ಕ ಎಂದೇ ನಿಂತಿದೆ. ರಿಪೇರಿಯಾದ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡುವವರಿಗೆ ಇಂಥವರೊಬ್ಬರು ಇದ್ದಾರೆಂದೇ ತಿಳಿಯದು.

ಚೀಲದಿಂದ ಲ್ಯಾಪ್‌ಟಾಪ್ ಹೊರಬಂದೊಡನೆ ಬಿಡಿಸಕ್ಕ ಮೊದಲು ಭೂತಗನ್ನಡಿ ಹಿಡಿದು ಗಾಯ ನೋಡುತ್ತಾರೆ, ಆಮೇಲೆ ಗಾಯ ಮಾಡಿದವರ ಜಾತಕ ಹೇಳುತ್ತಾರೆ. "ಇದು ಚಾಕು ತುದೀಲಿ ಮಾಡಿದ್ದು. ಅಡುಗೆಮನೆ ಚಾಕು. ಇದು ಸಿಟ್ಟಿನ ಆಸಾಮಿ, ಮೇಲೆ ಭಾರ ಹಾಕದೆ ಗರಗರ ತಿರುಗ್ಸಿದ್ದಾರೆ. ಇಲ್ಲಿ ನೋಡಿ, ಇವರು ಅಂಟು ಹಾಕಿ ಸ್ಕ್ರೂಡ್ರೈವರನ್ನೇ ಅಂಟಿಸೋಕೆ ಹೋಗಿದ್ದಾರೆ. ಪುಣ್ಯಾತ್ಮರು!" ಒಬ್ಬೊಬ್ಬರ ಕೈ ಒಂದೊಂದು ಥರ ಸವೆಸುತ್ತದಂತೆ. ತಂದವರು ಬೇರೆ ಯಾರದ್ದೋ ಮೇಲೆ ತಪ್ಪು ಹಾಕಿದರೆ ಬಿಡಿಸಕ್ಕ ಸುಮ್ಮನೆ ನಗುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಬಿಡಿಸುವ ಬಗೆಯಲ್ಲಿ ಗುಟ್ಟೇನಿಲ್ಲ. ಮೊದಲು ರಬ್ಬರ್ ಬ್ಯಾಂಡಿನ ಒಂದು ತುಂಡು. ಅದನ್ನು ತಲೆಯ ಮೇಲಿಟ್ಟು ಸ್ಕ್ರೂಡ್ರೈವರ್ ಒತ್ತಿದರೆ ಸವೆದ ಗುಳಿಯಲ್ಲೂ ಅಷ್ಟಿಷ್ಟು ಹಿಡಿತ ಸಿಗುತ್ತದೆ. ಬಗ್ಗದಿದ್ದರೆ ಶಾಖ. ಸ್ಕ್ರೂ ಸಡಿಲಾಗದಿರಲೆಂದು ಕಂಪನಿಯವರು ಹಚ್ಚಿರುವ ನೀಲಿ ಅಂಟು ಕಾವಿಗೆ ಮೆತ್ತಗಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಸುತ್ತ ಟೇಪು ಅಂಟಿಸಿ, ತೆಳ್ಳನೆ ಅರದಿಂದ ತಲೆಯ ಮೇಲೆ ಅಡ್ಡ ಗೀರು ಕೊರೆದು, ಚಪ್ಪಟೆ ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಉದುರಿದ ಪುಡಿಯನ್ನೆಲ್ಲ ಅಯಸ್ಕಾಂತದಿಂದ ಎತ್ತಬೇಕು. ಒಂದು ಕಣ ಒಳಗೆ ಬಿದ್ದರೂ ಬೋರ್ಡು ಸುಟ್ಟಂತೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು, ಕಾಯುವುದನ್ನು ಮಾತ್ರ ಕಲಿಸಲಾಗುವುದಿಲ್ಲ. ಶಾಖ ಕೊಟ್ಟ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರೆ, "ಅದು ಬರ್ತೀನಿ ಅನ್ನೋವರೆಗೆ," ಎನ್ನುತ್ತಾರೆ.

ಕಾವಿನ ಪರಿಚಯ ಬಿಡಿಸಕ್ಕನಿಗೆ ಹಳೆಯದು. ಮದುವೆಗೆ ಮುಂಚೆ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು, ಹಬೆಯಲ್ಲಿ ಎದುರಿಗಿದ್ದವರ ಮುಖವೂ ಮಸುಕು. ಕಾಲು ಊದುತ್ತಿತ್ತು. ಹಾಸಿಗೆಯ ಮೇಲೆ ಬಿದ್ದರೆ ಕನಸಿನಲ್ಲೂ ಬಿಳೀ ಚಾದರ, ಮುಗಿಯದ ಚಾದರ. ಮದುವೆಯಾಗಿ ಈ ಮನೆಗೆ ಬಂದಾಗ ಮಾವ ಇದೇ ಮೇಜಿನ ಮುಂದೆ ಕೂತು ಗಡಿಯಾರ ಬಿಚ್ಚುತ್ತಿದ್ದರು. ಗಡಿಯಾರ ಹೋಗಿ ರೇಡಿಯೊ ಬಂತು, ರೇಡಿಯೊ ಹೋಗಿ ಲ್ಯಾಪ್‌ಟಾಪ್ ಬಂತು. ಸ್ಕ್ರೂ ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಂದು ದಿನ ಸೊಸೆ ಬೆಸುಗೆ ಕಡ್ಡಿಯನ್ನು ಕೆನ್ನೆಯ ಹತ್ತಿರ ತಂದು "ಇನ್ನೂ ಕಾದಿಲ್ಲ ಮಾವ" ಎಂದರಂತೆ. ಮರುದಿನ ಮಾವ ಎರಡನೇ ಸ್ಟೂಲು ತಂದಿಟ್ಟರು.

ಕೂರಿಸಿಕೊಂಡು ಮಾವ ಕಲಿಸಿದ ಮೊದಲ ಪಾಠ ವಿಚಿತ್ರದ್ದು. ಬಿಚ್ಚುವ ಮೊದಲು ಒಂದಿಷ್ಟು ಬಿಗಿ ಮಾಡು. ಎಡಕ್ಕೆ ತಿರುಗಿಸಬೇಕಾದ ಸ್ಕ್ರೂವನ್ನು ಮೊದಲು ಬಲಕ್ಕೆ ಕೂದಲೆಳೆಯಷ್ಟು ಒತ್ತಿದರೆ ಒಳಗಿನ ಅಂಟು 'ಟಿಕ್' ಎಂದು ಮುರಿಯುತ್ತದೆ, ಆಮೇಲೆ ಎಡಕ್ಕೆ ತಾನಾಗಿ ಬರುತ್ತದೆ. "ಸಿಟ್ಟು ಮಾಡ್ಕೊಂಡವರ ಮಾತಿಗೆ ಮೊದಲು ಹೂಂ ಅನ್ನಲ್ವಾ, ಹಾಗೆ," ಎಂದು ಬಿಡಿಸಕ್ಕ ನಗುತ್ತಾರೆ. ಊರಲ್ಲಿ ಹೀಗೆ ಮಾಡುವವರು ಇಬ್ಬರೇ, ಅತ್ತ ಮಾವ, ಇತ್ತ ಸೊಸೆ.

ಮುಂದೆ ಮಾವ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ವಂತ ರಿಪೇರಿ ಅಂಗಡಿ ತೆರೆದರು, ಮನೆಯ ಮೇಜು ಸೊಸೆಗೆ ಉಳಿಯಿತು. ಊರಿನ ಅಂಗಡಿಗಳೆಲ್ಲ ಸೊಸೆಯ ಮೇಜಿಗೆ ಸವೆದ ಸ್ಕ್ರೂ ಕಳಿಸಿದವು, ಮಾವನ ಅಂಗಡಿಯೊಂದನ್ನು ಬಿಟ್ಟು. ರಾತ್ರಿ ಊಟಕ್ಕೆ ಕೂತಾಗ ಮಾವ ತಟ್ಟೆ ಎಳೆದುಕೊಳ್ಳುತ್ತಾ, "ನಮ್ಮಂಗಡಿಯಿಂದ ಇವತ್ತೂ ಏನೂ ಬಂದಿಲ್ಲ ತಾನೇ?" ಎಂದು ಕೆಣಕುತ್ತಿದ್ದರು. ಸವೆದ ತಲೆ ಸೀಳಿ ಗೀರು ಕೊರೆಯುವುದೆಂದರೂ ಅವರಿಗೆ ಆಗುತ್ತಿರಲಿಲ್ಲ. ಅದು ಸೋತವರ ಕೆಲಸ ಎನ್ನುತ್ತಿದ್ದರು. ಏನು ಗತ್ತು ಅಂತೀರಿ!

ಹೀಗಿರುವಾಗ ಹೋದ ಚಳಿಗಾಲದಲ್ಲಿ ಮಾವನ ಅಂಗಡಿಯ ಪಕ್ಕದ ಮೊಬೈಲ್ ಅಂಗಡಿಯವರು ಒಂದು ಲ್ಯಾಪ್‌ಟಾಪ್ ತಂದುಕೊಟ್ಟರು. ತಮ್ಮದೇ ಎಂದರು, ಕಣ್ಣು ತಪ್ಪಿಸಿದರು. ಬಿಡಿಸಕ್ಕ ಭೂತಗನ್ನಡಿ ಹಿಡಿದರು. ಸಾಮಾನ್ಯವಾಗಿ ಬಿಚ್ಚುವವರು ಎಡಕ್ಕೆ ತಿರುಗಿಸಿ ತಿರುಗಿಸಿ ಗುಳಿಯ ಒಂದು ಬದಿಯನ್ನಷ್ಟೇ ಸವೆಸುತ್ತಾರೆ. ಈ ಸ್ಕ್ರೂವಿನಲ್ಲಿ ಎರಡೂ ಬದಿ ಸವೆದಿತ್ತು. ಯಾರೋ ಮೊದಲು ಬಲಕ್ಕೆ ಬಿಗಿ ಮಾಡಿದ್ದರು. ಬಲಕ್ಕೂ ಜಾರಿತ್ತು, ಎಡಕ್ಕೂ ಜಾರಿತ್ತು.

"ಭೂತಗನ್ನಡಿ ಒರೆಸಿ ಮತ್ತೆ ನೋಡ್ದೆ," ಎನ್ನುತ್ತಾರೆ ಬಿಡಿಸಕ್ಕ. "ಊರಲ್ಲಿ ಹಾಗೆ ಮಾಡೋರು ಇಬ್ಬರೇ. ನಾನಂತೂ ಮಾಡಿಲ್ಲ."

ಮುಂದಿನ ವಾರ ಅದೇ ಮೊಬೈಲ್ ಅಂಗಡಿಯವರ ಕೈಯಲ್ಲಿ ಮತ್ತೊಂದು ಬಂತು, ಆಮೇಲೆ ಇನ್ನೊಂದು. ಸ್ಕ್ರೂಡ್ರೈವರಿನ ತುದಿ ಗುಳಿಯ ನಡುವೆ ಕೂರದೆ ಪಕ್ಕದಲ್ಲೆಲ್ಲ ಕುಕ್ಕಿದ ಗುರುತು. ಕೈ ನಡುಗುವವರು ಮಾಡುವ ಗುರುತಲ್ಲ ಅದು, ಕಾಣದವರು ಮಾಡುವ ಗುರುತು. ಆಗ ಬೇರೆಯದೆಲ್ಲ ಒಂದೊಂದಾಗಿ ಹೊಂದಿಕೊಂಡಿತು: ಮಾವ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವುದು, ಲೋಟ ಹಿಡಿಯುವ ಮುನ್ನ ಮೇಜು ತಡವುವುದು, ಪಕ್ಕದಿಂದ ಬಂದವರನ್ನು ಕಂಡು ಬೆಚ್ಚುವುದು. ಮನೆಯವರ್ಯಾರಿಗೂ ಹೇಳದೆ ಮಾವ ಕಣ್ಣು ಕಳೆದುಕೊಳ್ಳುತ್ತಿದ್ದರು.

ಬಿಡಿಸಕ್ಕನಿಗೆ ಬಾಯಲ್ಲಿ ಬಿಸಿ ತುಪ್ಪ. ಹೇಳಿದರೆ, ಬದುಕಿಡೀ ಒಂದು ತಲೆಯನ್ನೂ ಸವೆಸದವರ ಮರ್ಯಾದೆಯನ್ನು ಸೊಸೆಯಾದವಳೇ ತೆಗೆದಂತೆ. ಹೇಳದಿದ್ದರೆ ಕಣ್ಣು ಹೋಗುತ್ತದೆ. ಪ್ರತಿ ಸಲವೂ ಅವರು ಸ್ಕ್ರೂ ಬಿಡಿಸಿ, ಜಾಗಕ್ಕೆ ಹೊಸದೊಂದನ್ನು ಹಾಕಿ ವಾಪಸ್ ಕಳಿಸಿದರು, ಹಳೆಯದನ್ನು ಡಬ್ಬಿಯ ಮುಚ್ಚಳವೊಂದರಲ್ಲಿ ತೆಗೆದಿಟ್ಟರು. ರಾತ್ರಿ ಊಟಕ್ಕೆ ಕೂತಾಗ ಮಾವ ಎಂದಿನಂತೆ, "ನಮ್ಮಂಗಡಿಯಿಂದ ಇವತ್ತೂ ಏನೂ ಬಂದಿಲ್ಲ ತಾನೇ?" ಎಂದರೆ, "ಇಲ್ಲ ಮಾವ," ಎನ್ನುತ್ತಿದ್ದರು. ಆ ದಿನಗಳಲ್ಲಿ ಬಿಡಿಸಕ್ಕನಿಗೆ ಹಳೇ ಲಾಂಡ್ರಿಯ ಕನಸು ಮತ್ತೆ ಬೀಳತೊಡಗಿತು. ಹಬೆಯ ಆಚೆ ಮಾವ ನಿಂತಿದ್ದಾರೆ, ಇವರು ಚಾದರದ ಮೇಲೆ ಚಾದರ ಸರಿಸುತ್ತಲೇ ಇದ್ದಾರೆ, ಹಬೆ ಮಾತ್ರ ತೆಳುವಾಗುತ್ತಿಲ್ಲ.

"ಒಂದು ದಿನ ಆ ಕನಸಿಂದ ಎದ್ದವಳು ಸೀದಾ ಮೇಜಿನ ಹತ್ರ ಬಂದೆ. ಮಾವ ಹಲ್ಲುಜ್ಜಿ ಬಂದು ಬಾಗಿಲಲ್ಲಿ ನಿಂತಿದ್ರು. ಸ್ಕ್ರೂ ಇನ್ನೂ ಒಂದೂ ತೆಗೆದಿರಲಿಲ್ಲ, ಮಾತಾಡೋ ಹಾಗಿರಲಿಲ್ಲ. ಆಡಿಬಿಟ್ಟೆ."

ಮಾವನ ಅಂಗೈಯಲ್ಲಿ ಒಂದು ಸವೆದ ಸ್ಕ್ರೂ ಇಟ್ಟು, "ಮಾವ, ಇದು ನಿಮ್ಮ ಕೈ," ಎಂದರು.

ಮಾವ ಕಿಟಕಿಯ ಕಡೆ ತಿರುಗಿದರು. ಸ್ಕ್ರೂವನ್ನು ಹೆಬ್ಬೆರಳಿನ ಉಗುರಿಂದ ತಡವುತ್ತಾ ನಿಂತರು. ಕಿಟಕಿಯಲ್ಲಿ ಬೆಳಕು ಇಷ್ಟಿಷ್ಟೇ ಬರುತ್ತಿತ್ತು. ಕೊನೆಗೆ ಕೇಳಿದರು, "ಎರಡೂ ಕಡೆ ಸವೆದಿದೆಯೇನಮ್ಮಾ?"

"ಹೂಂ ಮಾವ."

"ಹಾಗಾದ್ರೆ ಮೊದಲು ಬಿಗಿ ಮಾಡೋದನ್ನ ನಾನು ಮರೆತಿಲ್ಲ."

ಇದನ್ನು ಹೇಳುವಾಗ ಬಿಡಿಸಕ್ಕನಿಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಂಡ ಇವತ್ತಿಗೂ ಅಪ್ಪನನ್ನು ಕಾಡಿಸುವುದುಂಟು. ಆದರೆ ಅವತ್ತು ಬಸ್ಸಿಗೆ ರಜೆ ಹಾಕಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದವರೂ ಅವರೇ. ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗುತ್ತಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು, ಇನ್ನಷ್ಟು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. "ಮೊದಲ ಸ್ಕ್ರೂ ಕಂಡಾಗಲೇ ಹೇಳ್ಬೇಕಿತ್ತು," ಎಂದು ಬಿಡಿಸಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ಮರ್ಯಾದೆ ಮರ್ಯಾದೆ ಅಂತ ಒಂದಿಷ್ಟು ಕಣ್ಣು ನಾನೂ ಕಳೆದೆ."

ಅಂಗಡಿಯ ಬಾಗಿಲು ಮುಚ್ಚಿತು. ಮಾವ ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿದರು. ಸೊಸೆ ಬೇಡಿಕೊಳ್ಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅಟ್ಟದ ಮೇಲಿದ್ದ ಎರಡನೇ ಸ್ಟೂಲನ್ನು ಇಳಿಸಿ, ಧೂಳು ಒರೆಸಿ, ಮೇಜಿನ ಪಕ್ಕ ಇಟ್ಟರು. ಮಾರನೇ ಬೆಳಗ್ಗೆ ನೋಡಿದರೆ ಮಾವ ಅದರ ಮೇಲೆ ಕೂತಿದ್ದರು. ಈಗ ಗೀರು ಕೊರೆಯಲು ಅರ ಕೈಗೆತ್ತಿಕೊಂಡರೆ ಅವರ ತಕರಾರಿಲ್ಲ. "ಸೀಳಮ್ಮ, ಸೀಳು. ನನ್ನ ಉಗುರಿಗೆ ಸಿಗೋ ಹಾಗೆ ಸೀಳು," ಎನ್ನುತ್ತಾರೆ.

ಕೆಲಸ ಹೆಚ್ಚಿದೆ, ಬಿಡಿಸಕ್ಕನಿಗೂ ವಯಸ್ಸಾಗುತ್ತಿದೆ, ಬೆನ್ನು ಹಿಡಿದುಕೊಳ್ಳುತ್ತದೆ. ಕಿಟಕಿಗೊಂದು ಒಳ್ಳೆಯ ದೀಪ, ಬೆನ್ನಿಗೆ ಒರಗುವ ಕುರ್ಚಿ, ಏನಾದರೂ ಬೇಕೆ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ನಂಗೇನಾಸೆ ಇದೆ ಹೇಳಿ. ಮಾವನ ಕೈಗೆ ನೆನಪಿರೋವರೆಗೆ ಈ ಮನೇಲಿ ದಿನದ ಮೊದಲ ಮಾತು ಅವರದ್ದೇ ಆಗಿರ್ಲಿ. ಅಷ್ಟು ಸಾಕು."

ಇವತ್ತಿನ ಮೂಲೆಯ ಸ್ಕ್ರೂ ರಬ್ಬರಿಗೆ ಬಗ್ಗಿಲ್ಲ, ಕಾವಿಗೂ ಬಗ್ಗಿಲ್ಲ. ಬಿಡಿಸಕ್ಕ ಟೇಪು ಅಂಟಿಸಿ, ಅರ ಆಡಿಸಿ, ಗೀರು ಕೊರೆದು, ಪುಡಿ ಎತ್ತಿ, ಮಾವನ ಬೆರಳು ಹಿಡಿದು ಗೀರಿನ ಮೇಲೆ ಇಡುತ್ತಾರೆ. ಮಾವ ಉಗುರಿಂದ ಅದರ ಉದ್ದ ನೋಡುತ್ತಾರೆ. ಚಪ್ಪಟೆ ಸ್ಕ್ರೂಡ್ರೈವರ್ ತಡವುತ್ತಾ ಬಂದು ಕೂರುತ್ತದೆ. ಮೊದಲು ಬಲಕ್ಕೆ, ಕೂದಲೆಳೆಯಷ್ಟು. ಕೋಣೆಯಲ್ಲಿ 'ಟಿಕ್' ಎಂದು ಕೇಳುತ್ತದೆ. ಆಮೇಲೆ ಎಡಕ್ಕೆ, ಒಂದು ಸುತ್ತು, ಎರಡು ಸುತ್ತು. ಬಿಸಿಲಿನ ಮೊದಲ ತುಣುಕು ಮೇಜಿನ ಮೇಲೆ ಬಿದ್ದಿದೆ, ಪುಟ್ಟ ಸ್ಕ್ರೂ ಅದರೊಳಕ್ಕೆ ಉರುಳಿ ನಿಲ್ಲುತ್ತದೆ. ಬಿಡಿಸಕ್ಕ ಬಾಯಿ ತೆರೆಯದೆ ಕಾಯುತ್ತಾರೆ.

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೇಜು ತಡವಿ ಲೋಟ ಹುಡುಕಿ, ತುಟಿಗಿಟ್ಟು ನೋಡುತ್ತಾರೆ.

"ಟೀ ಆರಿಹೋಗಿದೆ," ಎನ್ನುತ್ತಾರೆ. "ಬಿಸಿ ಮಾಡ್ಕೊಂಡು ಬಾ ತಾಯಿ. ಅಷ್ಟರಲ್ಲಿ ಮುಂದಿನದಕ್ಕೆ ಕಡ್ಡಿ ಕಾಯಲಿ."