ಬೈಯುವ ಗದ್ದ

ನನ್ನ ಗಂಡನ ಅಕ್ಕ ಟೈಲರ್. ನಲವತ್ತು ವರ್ಷದಿಂದ ಅದೇ ಅಂಗಡಿ, ಅದೇ ಹೊಲಿಗೆ ಯಂತ್ರ, ಅದೇ ಬಾಯಿ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಬೀದಿಗೆಲ್ಲ ಬೈಯಬಲ್ಲರು. ತಬ್ಬಲಿ ತಮ್ಮನನ್ನು ಹೊಲಿದು ಹೊಲಿದೇ ಸಾಕಿ, ಅವನಿಗೆ ಮೊದಲ ಬಣ್ಣದ ಡಬ್ಬಿ ತಂದುಕೊಟ್ಟವರೂ ಅವರೇ. ಆದರೆ ತಮ್ಮ ಬರೆದ ಚಿತ್ರ ಕಂಡರೆ ಸಾಕು, "ಆ ಮುದುಕನ ಕಿವಿ ಏನೋ, ಕಳಚಿ ಬೀಳೋ ಹಾಗಿದೆ!" ಎಂದು ಶುರು.

ಅತ್ತಿಗೆಗೆ ಅರವತ್ತು ತುಂಬಿತು. ಅವರದೇ ಚಿತ್ರವನ್ನು ತೈಲವರ್ಣದಲ್ಲಿ ಬರೆದುಕೊಡಬೇಕು, ಅದು ಅಕ್ಕನ ಅಂಗಡಿಯಲ್ಲಿ ತೂಗಬೇಕು ಎಂದು ನಮ್ಮ ಇವರಿಗೆ ಹಠ. ಆರು ವಾರ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಸಣ್ಣ ಕುಂಚದಲ್ಲಿ ತೀಡಿದ್ದೇ ತೀಡಿದ್ದು. ಸುಕ್ಕೆಲ್ಲ ಮಾಯವಾಗಿ ಕೆನ್ನೆ ಹೊಸ ಸೋಪಿನಷ್ಟು ನುಣ್ಣಗಾಯಿತು.

"ರೀ, ಯಾರಿದು? ಅತ್ತಿಗೆ ಹೀಗೆ ಸುಮ್ನೆ ಕೂತಿದ್ದನ್ನ ನಾನಂತೂ ಕಂಡಿಲ್ಲ" ಎಂದೆ. ನನ್ನ ಮಾತು ಯಾರಿಗೆ ಬೇಕು!

ಮುಗಿದ ಮೇಲೆ ಅತ್ತಿಗೆ ಬಂದು ನೋಡಿ, "ಚೆನ್ನಾಗಿದೆ ಕಣಪ್ಪ" ಎಂದರು. ಮೆತ್ತಗೆ.

ಇವರ ಮುಖ ಬಿಳಿಚಿಕೊಂಡಿತು. ಅಷ್ಟು ಮರ್ಯಾದೆಯಿಂದ ಅತ್ತಿಗೆ ಮಾತಾಡುವುದು ಗುರುತಿಲ್ಲದವರ ಜೊತೆ ಮಾತ್ರ. ಇವರು ಚಾಕು ತೆಗೆದುಕೊಂಡು ಹಸಿ ಬಣ್ಣವನ್ನೆಲ್ಲ ಕೆರೆಯತೊಡಗಿದರು.

"ಅಯ್ಯೋ, ತಲೆಗಿಲೆ ಕೆಟ್ಟಿದೆಯೇನೋ? ಆರು ವಾರ ನನ್ನ ಕೆಲಸ ಬಿಡಿಸಿ ಕೂರಿಸ್ಕೊಂಡು ಈಗ ಕೆರೀತೀಯಾ?"

"ಬೈತಾ ಇರಕ್ಕ, ನಿಲ್ಲಿಸ್ಬೇಡ!" ಎಂದು ಇವರು ಎರಡು ಬೆರಳಗಲದ ಒರಟು ಕುಂಚ ಹಿಡಿದರು.

ಅತ್ತಿಗೆಗೆ ಅಷ್ಟು ಹೇಳಿದರೆ ಸಾಕಲ್ಲ! ಅವರು ಬೈದ ಹಾಗೆಲ್ಲ ಇವರ ಕೈ ಓಡಿತು. ದಪ್ಪ ಬಣ್ಣ ಎತ್ತಿ, ಮುಂದೆ ಚಾಚಿದ ಗದ್ದವನ್ನು ಒಂದೇ ಏಟಿಗೆ ಎಳೆದರು. ಹುಬ್ಬಿಗೆ ಎರಡು ಗೀರು. ಕೊರಳಿನ ಅಳತೆ ಟೇಪಿಗೆ ಹಳದಿಯ ಒಂದು ಬೀಸು. ಹತ್ತಿರದಿಂದ ಬರೀ ಬಣ್ಣದ ಗುಡ್ಡೆ. ಬಾಗಿಲವರೆಗೆ ಹಿಂದೆ ಸರಿದು ನೋಡಿದೆ. ಅಬ್ಬಬ್ಬಾ, ಅತ್ತಿಗೆ ಚಿತ್ರದೊಳಗಿಂದಲೂ ಬೈಯುತ್ತಿದ್ದರು!

ಅತ್ತಿಗೆ ಎದ್ದು ಬಂದರು.

"ಇಷ್ಟು ದಪ್ಪ ಇದೆಯೇನೋ ನನ್ನ ಮೂಗು? ಗದ್ದ ನೋಡು, ಜಗಳಕ್ಕೇ ಬರ್ತಿದೆ! ಹುಬ್ಬೋ, ಕಸಪೊರಕೆಯೋ?"

ಇವರು ಬಾಯ್ತುಂಬ ನಗುತ್ತ ಬೈಸಿಕೊಂಡರು. ನನ್ನ ಕಣ್ಣಲ್ಲಿ ನೀರು. ಅತ್ತಿಗೆ ಬೈಯುತ್ತಲೇ ಕೊರಳಿನ ಟೇಪು ತೆಗೆದು ಚಿತ್ರದ ಉದ್ದ, ಅಗಲ ಅಳೆದರು.

"ಅಂಗಡಿ ಬಾಗಿಲ ಎದುರಿನ ಗೋಡೆಗೇ ಹಿಡಿಸುತ್ತೆ. ಒಣಗಿದ ಕೂಡ್ಲೇ ತಂದು ಹಾಕು. ಇನ್ನೊಂದು ಗೆರೆ ಮುಟ್ಟಿದ್ಯೋ, ಕೈ ಮುರೀತೀನಿ!"