ಅಕ್ಕಿ ಮೂಟೆಗಳ ನಡುವೆ ಇಪ್ಪತ್ತಾರು ದನಿ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಚಾಮರಾಜಪೇಟೆಯ ಒಂದು ಸರ್ಕಾರಿ ಪ್ರೌಢಶಾಲೆಯ ಉಗ್ರಾಣದ ಮುಂದೆ ನಾಲ್ಕು ಜೊತೆ ಚಪ್ಪಲಿ ಇವೆ. ಅವುಗಳ ಪಕ್ಕದಲ್ಲಿ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಟ್ಟ ನಾಲ್ಕು ಹಾಳೆ. ಒಳಗೆ ಹೋಗುವವರು ಚಪ್ಪಲಿಯನ್ನೂ ಬರೆದುಕೊಂಡು ಬಂದದ್ದನ್ನೂ ಹೊಸ್ತಿಲಾಚೆಗೇ ಬಿಡಬೇಕು. ಇದು ಗಂಗರತ್ನಮ್ಮನವರ ಕಾನೂನು.

ಒಳಗೆ ಮೂರು ಕಡೆ ಬಿಸಿಯೂಟದ ಅಕ್ಕಿ ಮೂಟೆಗಳು ಎದೆಯೆತ್ತರ ನಿಂತಿವೆ. ನಾಲ್ಕನೆಯ ಕಡೆ, ದನಿ ಮಾರ್ದನಿಸದಂತೆ, ಹಗ್ಗಕ್ಕೆ ಮನೆಯಿಂದ ತಂದ ಎರಡು ಹಳೆಯ ಕೌದಿ ಇಳಿಬಿಟ್ಟಿದ್ದಾರೆ. ನಡುವೆ ಸ್ಟೂಲಿನ ಮೇಲೆ ಒಂಬತ್ತನೇ ತರಗತಿಯ ಕುಶಾಲ್ ಕೂತಿದ್ದಾನೆ, ಕಾಲರಿಗೆ ಚಿಕ್ಕ ಮೈಕು ಸಿಕ್ಕಿಸಿಕೊಂಡು. ಎದುರಿನ ಮೊಬೈಲಿನಲ್ಲಿ ಅವನೇ ತೆಗೆದ ಫೋಟೊ: ಅವನ ತಾತ ದೊಡ್ಡಬೈರಪ್ಪನವರ ಹಸು ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಿದೆ.

"ಅವರ್ ಕೌ ಸ್ಟಾಪ್ಸ್ ಅಟ್ ರೆಡ್. ದಿ ಆಟೋಸ್ ಡೋಂಟ್," ಎನ್ನುತ್ತಾನೆ ಕುಶಾಲ್. ಹೇಳಿ ಮುಗಿಸುವ ಮೊದಲೇ ಕಿಸಕ್ಕನೆ ನಗುತ್ತಾನೆ. ಇದು ಹದಿನೇಳನೆಯ ಸಲ.

ಗಂಗರತ್ನಮ್ಮ ರೇಗುವುದಿಲ್ಲ. "ನಗಬೇಕಾದೋರು ಕೇಳೋರು ಕಣೋ, ನೀನಲ್ಲ. ಹಸು ನೋಡ್ಕೊಂಡು ಹೇಳು. ನನ್ ಮುಖದ ಮೇಲೇನೂ ಬರೆದಿಲ್ಲ."

ಹದಿನೆಂಟನೆಯದು ಸರಿಹೋಗುತ್ತದೆ.

ಈ ಹೊತ್ತಿಗೇ ಯಾಕೆ ಎಂದರೆ ಉತ್ತರ ಬೀದಿಯಲ್ಲಿದೆ. ಐದೂ ಮುಕ್ಕಾಲಿಗೆ ಪಕ್ಕದ ದೇವಸ್ಥಾನದ ಮೈಕು ನಿಲ್ಲುತ್ತದೆ, ಏಳಕ್ಕೆ ಕಸದ ಆಟೊ ಹಾಡು ಹಾಕಿಕೊಂಡು ಬರುತ್ತದೆ. ನಡುವೆ ಸಿಗುವುದು ಒಂದೂಕಾಲು ಗಂಟೆಯ ನಿಶ್ಶಬ್ದ. ಮಕ್ಕಳಿಗೂ ಇದು ಕಷ್ಟದ ಹೊತ್ತಲ್ಲ. ಹೂವಿಗೆ, ತರಕಾರಿಗೆ, ಬೀದಿ ಗುಡಿಸಲಿಕ್ಕೆ ಎಂದು ಅಪ್ಪ ಅಮ್ಮಂದಿರು ನಾಲ್ಕಕ್ಕೇ ಏಳುವ ಮನೆಗಳವು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಕ್ಕಳನ್ನು ಗೇಟಿಗೆ ಬಿಟ್ಟು ಹೋಗುತ್ತಾರೆ. ಗಂಗರತ್ನಮ್ಮನವರೂ ಓಕಳಿಪುರದ ರೈಲು ಹಳಿಯ ಪಕ್ಕದ ಮನೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ.

ಕಾಗದದ ಮೇಲೆ ಅವರು ಟೀಚರಲ್ಲ. ಕಂಪ್ಯೂಟರ್ ಕೋಣೆಯ ಸಹಾಯಕಿ. ಕೋಣೆ ಗುಡಿಸಿ, ಹನ್ನೊಂದು ಹಳೆಯ ಕಂಪ್ಯೂಟರ್‌ಗಳ ಧೂಳು ಒರೆಸಿ, ಬಂದವರ ಹೆಸರು ಬರೆದಿಡುವುದು ಅವರ ಕೆಲಸ. ಅದರಾಚೆಗೆ, ಯಾರೂ ಹೇಳದ ಕೆಲಸವೊಂದನ್ನು ಮೈಮೇಲೆ ಎಳೆದುಕೊಂಡಿದ್ದಾರೆ: ಪ್ರತಿ ಮಗುವೂ ತನ್ನ ಮನೆಯ ಒಂದು ಕಥೆ ಆರಿಸಿ, ಹನ್ನೆರಡು ಫೋಟೊ ತೆಗೆದು, ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಎರಡು ನಿಮಿಷದ ಪುಟ್ಟ ಚಿತ್ರ ಮಾಡಬೇಕು. ಈ ವರ್ಷ ಇಪ್ಪತ್ತಾರು ಮಕ್ಕಳಿದ್ದಾರೆ. ಪ್ರದರ್ಶನಕ್ಕೆ ಉಳಿದಿರುವುದು ಒಂಬತ್ತು ದಿನ. ಅವತ್ತು ಒಂದು ಮಗು ಬಾಯಿ ಬಿಡದಿದ್ದರೂ ಉಗ್ರಾಣದ ಕೀಲಿ ವಾಪಸು ಕೊಟ್ಟು ಎಲ್ಲ ನಿಲ್ಲಿಸಬೇಕು. ಹಾಗೆಂದು ಮುಖ್ಯೋಪಾಧ್ಯಾಯ ಮಲ್ಲಿಕಾರ್ಜುನಯ್ಯನವರು ಜೂನ್‌ನಲ್ಲೇ ಹೇಳಿಬಿಟ್ಟಿದ್ದಾರೆ.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಆ ಕಾರಣ ಗಾಂಧಿನಗರದಿಂದ ಬಂದದ್ದು.

ಗಂಗರತ್ನಮ್ಮನವರ ತಂದೆ ದಾಸಪ್ಪ ಗಾಂಧಿನಗರದ ಸಿನಿಮಾ ಹಂಚಿಕೆ ಆಫೀಸೊಂದರಲ್ಲಿ ರೀಲಿನ ಡಬ್ಬ ಹೊರುತ್ತಿದ್ದವರು. ಮಗಳು ಊಟದ ಕ್ಯಾರಿಯರ್ ತರುತ್ತಿದ್ದಳು. ಒಂದು ದಿನ ಪಕ್ಕದ ಡಬ್ಬಿಂಗ್ ಥಿಯೇಟರಿನಲ್ಲಿ ಮಗುವಿನ ಅಳು ಬೇಕಾಗಿತ್ತು, ಅಳಬೇಕಾದ ಮಗು ಬಂದಿರಲಿಲ್ಲ. ಕ್ಯಾರಿಯರ್ ಕೆಳಗಿಟ್ಟು ಹನ್ನೊಂದು ವರ್ಷದ ರತ್ನ ಅತ್ತಳು. ಒಂದೇ ಸಲಕ್ಕೆ ಓಕೆ ಆಯಿತು. ಅಲ್ಲಿಂದ ಮುಂದೆ ನಾಯಕಿಯ ತಂಗಿ, ನರ್ಸು, ಸಂತೆಯ ಗದ್ದಲದಲ್ಲೊಬ್ಬಳು, ಹೀಗೆ ಮೂವತ್ತು ವರ್ಷ ಪರದೆಯ ಮೇಲಿನ ಬೇರೆಯವರ ಬಾಯಿಗೆ ಇವರ ಮಾತು. ಇಂಗ್ಲಿಷ್ ಪಾಠದ ಸಿ.ಡಿ.ಗಳಿಗೂ ಓದಿದರು. ಪಿಯುಸಿ ದಾಟದ ಅವರಿಗೆ ಇಂಗ್ಲಿಷ್ ಕಲಿಸಿದ್ದು ಗಾಜಿನಾಚೆ ಕೂತು ಬೈಯುತ್ತಿದ್ದ ಸೌಂಡ್ ಎಂಜಿನಿಯರು.

ನಲವತ್ತನಾಲ್ಕಕ್ಕೆ ಥೈರಾಯ್ಡ್ ಆಪರೇಷನ್ ಆಯಿತು. ಐದು ತಿಂಗಳು ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಹೊರಡಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಅಂಗಡಿಯವರು ಕಿವಿ ಕೇಳದವರೆಂದು ತಿಳಿದು ಕೂಗಿ ಮಾತಾಡುತ್ತಿದ್ದರು. "ಬುದ್ಧಿ ಇದೆ, ಬಾಯಿಲ್ಲ. ಜನ ಎರಡೂ ಇಲ್ಲ ಅಂದ್ಕೋತಾರೆ," ಎನ್ನುತ್ತಾರೆ ಆ ದಿನಗಳ ಬಗ್ಗೆ. ದನಿ ಮರಳಿತು, ಆದರೆ ದಪ್ಪಗಾಗಿ ಮರಳಿತು. ಥಿಯೇಟರಿನ ಕರೆ ನಿಂತಿತು. ನೆರೆಮನೆಯವರು ಹೇಳಿದ ಮೇಲೆ ಈ ಶಾಲೆಯ ಕೆಲಸಕ್ಕೆ ಸೇರಿದರು.

ಸೇರಿದ ಮೇಲೆ ಕಂಡದ್ದು ವಿಚಿತ್ರ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎಪ್ಪತ್ತು ಅಂಕ ತೆಗೆದ ಮಕ್ಕಳು, ಎದುರಿಗೆ ಯಾರಾದರೂ ಬಂದು ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ನೆಲ ನೋಡುತ್ತಿದ್ದರು. ಇದಕ್ಕೆ ತಮ್ಮ ಕಸುಬಿನಲ್ಲಿ ಮದ್ದಿದೆ ಎಂದು ಅವರಿಗೆ ಅನ್ನಿಸಿತು. ಡಬ್ಬಿಂಗಿನಲ್ಲಿ ಇಡೀ ದೃಶ್ಯವನ್ನು ಒಟ್ಟಿಗೆ ಹೇಳಿಸುವುದಿಲ್ಲ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತದೋ ಅಷ್ಟನ್ನೇ ತುಂಡು ಮಾಡಿ, ಅದನ್ನೇ ತಿರುತಿರುಗಿ ಹೇಳಿಸುತ್ತಾರೆ. ಆ ತುಂಡಿಗೆ ಲೂಪ್ ಎನ್ನುತ್ತಾರೆ. ಮಕ್ಕಳ ಕಥೆಯನ್ನೂ ಹಾಗೇ ಲೂಪ್ ಲೂಪಾಗಿ ಕತ್ತರಿಸಿದರೆ? ಫೋಟೊ, ಕಥೆ, ಲೂಪ್, ಎಲ್ಲ ಸರಿಯಾಗೇ ಕೂಡಿಬಂದವು. ಎಡವಿದ್ದು ಬೇರೆ ಕಡೆ.

ಕಳೆದ ವರ್ಷ ಹದಿನೆಂಟು ಚಿತ್ರ ಸಿದ್ಧವಾಗಬೇಕಿತ್ತು. ದಿನ ಹತ್ತಿರ ಬಂತು, ಮಕ್ಕಳ ನಾಲಿಗೆ ತಡವರಿಸುತ್ತಿತ್ತು. ಬಿಂದು ಎಂಬ ಹುಡುಗಿಯೊಬ್ಬಳು ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದಳು. ಮೂವತ್ತು ವರ್ಷದ ಅಭ್ಯಾಸ ತನ್ನ ಕೆಲಸ ಮಾಡಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು; ಗಾಂಧಿನಗರದಲ್ಲಿ ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹದಿನೆಂಟು ಚಿತ್ರಕ್ಕೂ ಬಿಂದುವಿನ ಕೈಲೇ ಹೇಳಿಸಿದರು.

ಚಿತ್ರಗಳಿಗೆ ಚಪ್ಪಾಳೆ ಬಿತ್ತು. ಆಮೇಲೆ ಅತಿಥಿಯಾಗಿ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ವರದರಾಜ ಅವರು ಲಾಸ್ಯಾ ಎಂಬ ಹುಡುಗಿಯನ್ನು ಕರೆದು, ನಿನ್ನ ತಾಯಿಯ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಲಾಸ್ಯಾ ಸುಮ್ಮನೆ ನಿಂತಳು. ಹಿಂದಿನ ಸಾಲಿನಿಂದ ಬಿಂದು, ಅಭ್ಯಾಸಬಲದಿಂದ, ಉತ್ತರ ಹೇಳಿಬಿಟ್ಟಳು. ಪರದೆಯಲ್ಲಿ ಕೇಳಿದ್ದ ಅದೇ ದನಿ. ಸಭೆ ನಕ್ಕಿತು. ಲಾಸ್ಯಾ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಐದನೆಯ ದಿನ ಗಂಗರತ್ನಮ್ಮ ಗಾಂಧಿ ಬಜಾರಿಗೆ ಹೋದರು. ಲಾಸ್ಯಾಳ ತಾಯಿ ಪ್ರತಿಭಾ ಅಲ್ಲಿ ಹೂ ಮಾರುತ್ತಾರೆ. ತಪ್ಪಾಯಿತು ಎಂದದ್ದಕ್ಕೆ ಆಕೆ ಕೈಯಲ್ಲಿನ ಮಲ್ಲಿಗೆ ದಂಡೆಯಿಂದ ಕಣ್ಣೆತ್ತದೆ ಹೇಳಿದರು: "ನನ್ ಮಗಳು ಮೂಗಿ ಅಲ್ಲಕ್ಕಾ. ಮನೇಲಿ ಅವಳ ಬಾಯಿ ಮುಚ್ಸೋಕೆ ನನ್ ಕೈಲಾಗಲ್ಲ. ನಿಮ್ ಸ್ಕೂಲಲ್ಲೇ ಅವಳು ಮೂಗಿ ಆಗಿದ್ದು."

ಆ ಮಾತು ನಾಟಿತು. ಜೂನ್‌ನಲ್ಲಿ ಕೀಲಿ ಕೇಳಲು ಹೋದಾಗ, ಸ್ವತಃ ಇಂಗ್ಲಿಷ್ ಮೇಷ್ಟ್ರಾದ ಮಲ್ಲಿಕಾರ್ಜುನಯ್ಯನವರು ಷರತ್ತು ಹಾಕಿದರು. ಪ್ರತಿ ಮಗುವೂ ತನ್ನ ಚಿತ್ರ ಮುಗಿದ ಮೇಲೆ ಎದ್ದು ನಿಂತು ಮೂರು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ಗಂಗರತ್ನಮ್ಮ ಚೌಕಾಸಿ ಮಾಡದೆ ಒಪ್ಪಿಕೊಂಡು ಬಂದರು.

ಕಾಗದ ಹೊರಗುಳಿದದ್ದು ಆಗಲೇ. ಓದುವ ಮಗು ಓದುತ್ತದೆ, ನೋಡುವ ಮಗು ಹೇಳುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ವಾಕ್ಯಗಳನ್ನು ಮೇಷ್ಟ್ರು ತಿದ್ದಿಕೊಡುತ್ತಾರೆ, ಮಗು ಅದನ್ನು ಮನೆಯಲ್ಲಿ ಓದಿಕೊಂಡು ಬರುತ್ತದೆ, ಉಗ್ರಾಣದಲ್ಲಿ ಕಣ್ಣೆದುರು ಫೋಟೊ ಮಾತ್ರ. ತನ್ನ ದನಿಯನ್ನು ಮೊದಲ ಸಲ ರೆಕಾರ್ಡಿನಲ್ಲಿ ಕೇಳಿದ ಪ್ರತಿ ಮಗುವೂ ಮುಖ ಮುಚ್ಚಿಕೊಳ್ಳುತ್ತದೆ. ಏಳನೆಯ ಸಲಕ್ಕೆ ಕೈ ಕೆಳಗಿಳಿಯುತ್ತದೆ. ಚಿತ್ರ ಸಿದ್ಧವಾದ ಮೇಲೆ ಇನ್ನೊಂದು ಕಸರತ್ತಿದೆ. ದನಿ ಪೂರ್ತಿ ನಿಲ್ಲಿಸಿ ಬರೀ ಚಿತ್ರ ಓಡಿಸುತ್ತಾರೆ. ಮಗು ಪಕ್ಕದಲ್ಲಿ ನಿಂತು ಕಥೆ ಹೇಳುತ್ತಾ ಹೋಗಬೇಕು. ನಡುನಡುವೆ ಪ್ರಶ್ನೆ ಎಸೆಯುವ ಕೆಲಸ ಬಿಂದುವಿನದು. ಈಗ ಹತ್ತನೇ ತರಗತಿಯಲ್ಲಿರುವ ಅವಳು ಲಾಯರಿನಂತೆ ಕಾಡುತ್ತಾಳೆ.

ಅಡುಗೆಯ ಮಾರಕ್ಕ ಎಂಟು ಗಂಟೆಗೆ ಅಕ್ಕಿ ತೆಗೆಯಲು ಬಂದಾಗ ಕೌದಿ ಮಡಚಿಟ್ಟಿರಬೇಕು. "ನನ್ ಅಕ್ಕೀಗೂ ಇಂಗ್ಲಿಷ್ ಬಂದೋಗಿದೆ ರತ್ನಮ್ಮ. ಬೇಯೋವಾಗ ಏನೇನೋ ಗೊಣಗುತ್ತೆ, ನಂಗಂತೂ ಒಂದೂ ಅರ್ಥ ಆಗಲ್ಲ," ಎಂದು ಮಾರಕ್ಕ ಮೂಟೆ ಬಿಚ್ಚುತ್ತಾರೆ.

ಲಾಸ್ಯಾ ಈ ವರ್ಷ ತಾನಾಗಿ ಹೆಸರು ಕೊಟ್ಟಿರಲಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ತಾಯಿಯೇ ಗೇಟಿಗೆ ಬಿಟ್ಟು ಹೋದರು. ಮೊದಲ ಎರಡು ವಾರ ಅವಳು ಸ್ಟೂಲಿನ ಮೇಲೆ ಕೂತು ಎದ್ದು ಹೋದಳು. ಗಂಗರತ್ನಮ್ಮ ಮೈಕು ಸಿಕ್ಕಿಸುತ್ತಿದ್ದರು, ಕಾಯುತ್ತಿದ್ದರು, ತೆಗೆಯುತ್ತಿದ್ದರು. ಮೂರನೆಯ ವಾರ ಒಂದು ಲೂಪ್ ಬಂತು, ಆರು ಪದದ್ದು.

ಪ್ರದರ್ಶನದ ಶನಿವಾರ ಬರುತ್ತದೆ. ಶಾಲೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಕೆಲಸದಿಂದ ನೇರ ಬಂದ ತಾಯಂದಿರು ಗೋಡೆಗೆ ಒರಗಿ ನಿಂತಿದ್ದಾರೆ. ಮುಂದಿನ ಸಾಲಿನಲ್ಲಿ ಈ ಸಲವೂ ವರದರಾಜ ಅವರಿದ್ದಾರೆ. ಕುಶಾಲನ ಹಸುವಿಗೆ ಸಭೆ ಬಿದ್ದು ಬಿದ್ದು ನಗುತ್ತದೆ, ಕುಶಾಲ್ ಮಾತ್ರ ಗಂಭೀರ. ಹಸುವಿಗೆ ಬಣ್ಣ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗೆ, "ನೋ ಸರ್. ಬಟ್ ಇಟ್ ನೋಸ್ ದಿ ಪೊಲೀಸ್," ಎಂದು ಕೂರುತ್ತಾನೆ.

ಐದನೆಯದು ಲಾಸ್ಯಾಳದು. ಗಾಂಧಿ ಬಜಾರಿನ ಹೂವು, ಅಮ್ಮ ಮೊಳ ಹಾಕುವ ಕೈ. ಮೊದಲ ಫೋಟೊಗೇ ಸ್ಪೀಕರಿನಿಂದ ತಿಳಿಯಾದ ಇಂಗ್ಲಿಷ್ ಹೊರಡುತ್ತದೆ. ವರದರಾಜ ಕೈಯೆತ್ತುತ್ತಾರೆ. ಕಳೆದ ಸಲದ್ದನ್ನು ಅವರು ಮರೆತಿಲ್ಲ. ದನಿ ಚೆನ್ನಾಗಿದೆ, ಯಾರದ್ದು ಎಂದು ಕೇಳುತ್ತಾರೆ. ಕೇಳುವುದರಲ್ಲಿ ಕುಹಕವಿಲ್ಲ, ಆದರೆ ಸಭೆ ತಣ್ಣಗಾಗುತ್ತದೆ.

ಗಂಗರತ್ನಮ್ಮ ಗೋಡೆಯ ಬದಿಯಿಂದ ಎದ್ದು ಬಂದು ಸ್ಪೀಕರಿನ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತಾರೆ. ಚಿತ್ರ ಮತ್ತೆ ಮೊದಲಿಂದ, ದನಿಯಿಲ್ಲದೆ, ಶುರುವಾಗುತ್ತದೆ. ಲಾಸ್ಯಾಳ ಕಡೆ ಒಮ್ಮೆ ನೋಡಿ ಹಿಂದೆ ಸರಿದು ನಿಲ್ಲುತ್ತಾರೆ.

ಒಂದು ಫೋಟೊ ಹೋಗುತ್ತದೆ, ಮಾತಿಲ್ಲ. ಎರಡನೆಯದು ಹೋಗುತ್ತದೆ. ಹಿಂದಿನ ಸಾಲಿನಲ್ಲಿ ಬಿಂದು ಎರಡೂ ಅಂಗೈಯಿಂದ ತನ್ನ ಬಾಯನ್ನೇ ಒತ್ತಿ ಹಿಡಿದಿದ್ದಾಳೆ. ಮಲ್ಲಿಕಾರ್ಜುನಯ್ಯ ಕನ್ನಡಕ ತೆಗೆಯುತ್ತಾರೆ. ಮೂರನೆಯ ಫೋಟೊ ಅರ್ಧ ಮುಗಿದಿರುವಾಗ ಲಾಸ್ಯಾ ಕಂಪ್ಯೂಟರ್ ನಡೆಸುತ್ತಿರುವವರ ಕಡೆ ತಿರುಗುತ್ತಾಳೆ.

"ಪ್ಲೀಸ್ ಗೋ ಬ್ಯಾಕ್. ಐ ವಿಲ್ ಸ್ಟಾರ್ಟ್ ಅಗೇನ್."

ಆ ಎರಡು ವಾಕ್ಯ ಯಾವ ಹಾಳೆಯಲ್ಲೂ ಇರಲಿಲ್ಲ. ಯಾವ ಲೂಪಿನಲ್ಲೂ ಇರಲಿಲ್ಲ. ಮೇಷ್ಟ್ರು ತಿದ್ದಿರಲಿಲ್ಲ, ಗಂಗರತ್ನಮ್ಮ ಹೇಳಿಕೊಟ್ಟಿರಲಿಲ್ಲ. ಬೇಕಾಯಿತು, ಹುಡುಗಿ ಕೇಳಿದಳು. ಚಿತ್ರ ಹಿಂದಕ್ಕೆ ಹೋಗುತ್ತದೆ, ಹನ್ನೆರಡು ಫೋಟೊವೂ ಲಾಸ್ಯಾಳ ದನಿಯಲ್ಲಿ ಸಾಗುತ್ತವೆ. ನಡುವೆ ಒಂದು ಕಡೆ ತಪ್ಪುತ್ತಾಳೆ, ತಿದ್ದಿಕೊಂಡು ಮುಂದೆ ಹೋಗುತ್ತಾಳೆ.

ವರದರಾಜ ಮೊದಲೆರಡು ಪ್ರಶ್ನೆಯನ್ನು ಸುಲಭವಾಗೇ ಕೇಳುತ್ತಾರೆ. ಮೂರನೆಯದು ಕೊಂಚ ತರಲೆಯದು: ಒಬ್ಬರ ಕೈ ಉದ್ದ, ಇನ್ನೊಬ್ಬರದು ಗಿಡ್ಡ, ಮೊಳದ ಲೆಕ್ಕದಲ್ಲಿ ಕೊಳ್ಳುವವರಿಗೆ ಮೋಸವಲ್ಲವೇ?

ಲಾಸ್ಯಾ ತಾಯಿಯ ಕಡೆ ನೋಡುತ್ತಾಳೆ. "ಮೈ ಮದರ್ಸ್ ಹ್ಯಾಂಡ್ ಈಸ್ ಸ್ಮಾಲ್, ಸರ್. ಸೋ ಶಿ ಗಿವ್ಸ್ ಫೋರ್ ಫಿಂಗರ್ಸ್ ಎಕ್ಸ್‌ಟ್ರಾ. ಯು ಕಮ್ ಅಂಡ್ ಸೀ."

ವರದರಾಜ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಗೋಡೆಗೊರಗಿದ್ದ ಪ್ರತಿಭಾ ಪಕ್ಕದವರನ್ನು ತಿವಿದು, ಮಗಳು ಏನು ಹೇಳಿದಳೆಂದು ಕೇಳಿ ತಿಳಿದುಕೊಂಡು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಬಿಂದು ಕೈ ತೆಗೆದು ಉಸಿರು ಬಿಡುತ್ತಾಳೆ.

ಸಂಜೆಯ ಹೊತ್ತಿಗೆ ಲೆಕ್ಕ ಸಿಗುತ್ತದೆ. ಇಪ್ಪತ್ತಾರು ಚಿತ್ರ, ಇಪ್ಪತ್ತಾರು ದನಿ. ಎಪ್ಪತ್ತೆಂಟು ಪ್ರಶ್ನೆಗೆ ಎಪ್ಪತ್ತೆಂಟು ಉತ್ತರ. ಕೆಲವು ಎರಡೇ ಪದದವು, ಮೂರು ನಾಲ್ಕು ಪೂರ್ತಿ ತಪ್ಪು. ಆದರೆ ನೆಲ ನೋಡಿದವರು ಯಾರೂ ಇಲ್ಲ. ಈ ವರ್ಷದ ಕೆಲಸ ಮುಗಿಯಿತೆಂದು ಕೀಲಿ ಒಪ್ಪಿಸಲು ಬಂದ ಗಂಗರತ್ನಮ್ಮನವರಿಗೆ ಮಲ್ಲಿಕಾರ್ಜುನಯ್ಯ ಕೈ ಅಡ್ಡ ಹಿಡಿಯುತ್ತಾರೆ. "ಇಟ್ಕೊಳ್ಳಿ ರತ್ನಮ್ಮನೋರೇ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ. ಒಂದು ಮಗುವೂ ನನ್ನನ್ನ 'ಕಮ್ ಅಂಡ್ ಸೀ' ಅಂತ ಕರೆದಿರಲಿಲ್ಲ."

ಸೋಮವಾರ ಮತ್ತೆ ಐದೂ ಮುಕ್ಕಾಲು. ರಜೆ ತಗೊಳ್ಳಬಹುದಿತ್ತಲ್ಲ ಎಂದರೆ ಗಂಗರತ್ನಮ್ಮ ಕೌದಿ ಕೊಡವುತ್ತಾ ನಗುತ್ತಾರೆ. ಬೇಡಿಕೆ ಏನಾದರೂ ಇದೆಯೇ ಎಂದು ಮೇಷ್ಟ್ರು ಕೇಳಿದ್ದಾರೆ. ಹೊಸ ಮೈಕು, ಒಳ್ಳೆಯ ಕಂಪ್ಯೂಟರ್, ಏನು ಬೇಕಾದರೂ ಬರೆದು ಕೊಡಿ ಎಂದಿದ್ದಾರೆ. ಗಂಗರತ್ನಮ್ಮ ಕೇಳಿರುವುದು ಒಂದೇ. ಮಲ್ಲೇಶ್ವರದಿಂದಲೋ ವೈಯಾಲಿಕಾವಲ್‌ನಿಂದಲೋ, ಈ ಮಕ್ಕಳ ಮುಖವನ್ನೇ ಕಾಣದ ಯಾವುದಾದರೂ ಶಾಲೆಯ ಮಕ್ಕಳನ್ನು ಒಂದು ದಿನ ಕರೆಸಬೇಕು.

"ಬಿಂದು ಹತ್ರ ಇದ್ದ ಪ್ರಶ್ನೆ ಎಲ್ಲ ಖಾಲಿ ಆಗಿದೆ," ಎನ್ನುತ್ತಾರೆ ಅವರು. "ಇನ್ನು ಗೊತ್ತಿಲ್ದೋರು ಬಂದು ಕೇಳ್ಲಿ. ನಮ್ ಮಕ್ಳು ಹೇಳ್ತಾರೆ."